ರೂಮಿನವರು ಏನಂತಾರೆ?

"ಡಾಕ್ಟರಾಗಿ ಹತ್ತು ವರ್ಷ ಆಯ್ತಲ್ಲ, ನಿಮಗೆ ಇನ್ನೂ ಎಂಥ ಪರೀಕ್ಷೆ?" ಸಂಘದ ಕಾರ್ಯಕ್ರಮಗಳಲ್ಲಿ ಎರಡು ವರ್ಷ ನಮ್ಮ ಬೆನ್ನು ಬಿಡದ ಪ್ರಶ್ನೆ ಇದು. ಯುಗಾದಿ ಊಟದ ಪಂಕ್ತಿಯಲ್ಲಿ ಕೇಳಿದರು, ರಾಜ್ಯೋತ್ಸವದ ದಿನ ಕುರ್ಚಿ ಜೋಡಿಸುವಾಗ ಕೇಳಿದರು. ಅಲ್ಲಿ ನಿಂತ ನಿಲುವಿನಲ್ಲಿ ಉತ್ತರ ಹೇಳಲು ಆಗಲಿಲ್ಲ. ಈಗ ಸಂಚಿಕೆಯವರು ನಾಲ್ಕು ಪುಟ ಕೊಟ್ಟಿದ್ದಾರೆ, ಸಾವಧಾನವಾಗಿ ಹೇಳುತ್ತೇವೆ. ಈ ಪರೀಕ್ಷೆಗೆ ನಮ್ಮನ್ನು ತಯಾರು ಮಾಡಿದವರಲ್ಲಿ ನಿಮ್ಮಲ್ಲೇ ಹಲವರಿದ್ದೀರಿ. ಹಾಗಾಗಿ ಇದು ಲೆಕ್ಕ ಒಪ್ಪಿಸುವ ಕೆಲಸವೂ ಹೌದು.

ನಾವು ಮೂವರು. ಒಬ್ಬರು ದಾವಣಗೆರೆಯವರು, ಒಬ್ಬರು ಪುತ್ತೂರಿನವರು, ಒಬ್ಬರು ಮಂಡ್ಯದವರು. ಮೂವರೂ ಊರಲ್ಲಿ ಎಂಬಿಬಿಎಸ್ ಮುಗಿಸಿ, ಕೆಲವು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿದು, ಆಮೇಲೆ ಮಸ್ಕತ್‌ಗೆ ಬಂದು ಬೇರೆ ಬೇರೆ ಕ್ಲಿನಿಕ್‌ಗಳಲ್ಲಿ ಸೇರಿಕೊಂಡವರು. ನಾವು ಕಟ್ಟಿದ ಪರೀಕ್ಷೆಯ ಹೆಸರು ಎಂಆರ್‌ಸಿಜಿಪಿ ಇಂಟರ್‌ನ್ಯಾಷನಲ್. ಲಂಡನ್ನಿನಲ್ಲಿರುವ ರಾಯಲ್ ಕಾಲೇಜ್ ಆಫ್ ಜನರಲ್ ಪ್ರಾಕ್ಟೀಷನರ್ಸ್ 1952ರಲ್ಲಿ ಹುಟ್ಟಿದ ಸಂಸ್ಥೆ. ಕುಟುಂಬ ವೈದ್ಯರಿಗೆ ಅದು ನಡೆಸುವ ಸದಸ್ಯತ್ವ ಪರೀಕ್ಷೆಗೆ ಬ್ರಿಟನ್ನಿನ ಹೊರಗಿನ ವೈದ್ಯರಿಗಾಗಿ ಒಂದು ಅಂತರರಾಷ್ಟ್ರೀಯ ರೂಪವಿದೆ. ಅದು ಮೊದಲು ಬಂದದ್ದು ನಾವೆಲ್ಲ ಅನ್ನ ತಿನ್ನುತ್ತಿರುವ ಈ ಒಮಾನ್‌ಗೇ, 2001ರಲ್ಲಿ. ನಾವು ಕುಳಿತದ್ದು ದಕ್ಷಿಣ ಏಷ್ಯಾದ ವೈದ್ಯರಿಗೆಂದು ನಡೆಯುವ ಪರೀಕ್ಷೆಗೆ.

ಇದರಲ್ಲಿ ಎರಡು ಭಾಗ. ಮೊದಲನೆಯದು ಬರವಣಿಗೆ. ಅದಕ್ಕೆ ಓದಿದರಾಯಿತು. ರಾತ್ರಿ ಡ್ಯೂಟಿ ಮುಗಿಸಿ ಬಂದು ಚಹಾ ಕುಡಿಯುತ್ತಾ ಓದುವುದು ನಮಗೇನೂ ಹೊಸದಲ್ಲ. ಎರಡನೆಯದಕ್ಕೆ ಆಸ್ಕಿ ಎನ್ನುತ್ತಾರೆ. ಸಾಲಾಗಿ ಕೋಣೆಗಳಿರುತ್ತವೆ. ಒಂದೊಂದರಲ್ಲೂ ಒಬ್ಬ ರೋಗಿ ಕೂತಿರುತ್ತಾರೆ. ಅವರು ನಿಜವಾದ ರೋಗಿಯಲ್ಲ, ಪಾತ್ರ ಕಲಿತು ಬಂದ ನಟರು. ಪಕ್ಕದಲ್ಲಿ ಪರೀಕ್ಷಕರು ಸುಮ್ಮನೆ ಕೂತು ನೋಡುತ್ತಿರುತ್ತಾರೆ. ಗಂಟೆ ಬಾರಿಸಿದರೆ ಒಳಗೆ ಹೋಗಬೇಕು, ಮತ್ತೆ ಬಾರಿಸಿದರೆ ಮುಂದಿನ ಕೋಣೆಗೆ. ಸಿಗುವುದು ಕೆಲವೇ ನಿಮಿಷ. ಬ್ರಿಟನ್ನಿನಲ್ಲಿ ಬಹಳ ವರ್ಷ ಇಂಥ 13 ಕೋಣೆ, ತಲಾ 10 ನಿಮಿಷ ಇತ್ತು. 2023ರಿಂದ ಅಲ್ಲಿ 12 ಸಮಾಲೋಚನೆ, ತಲಾ 12 ನಿಮಿಷ, ಅದೂ ವಿಡಿಯೋ ಅಥವಾ ಫೋನ್ ಮೂಲಕ.

ಆ ನಿಮಿಷಗಳಲ್ಲಿ ಅಳೆಯುವುದು ರೋಗ ಗೊತ್ತಾಯಿತೇ, ಮದ್ದು ಸರಿ ಬರೆದರೇ ಎಂಬುದನ್ನಷ್ಟೇ ಅಲ್ಲ. ಎದುರಿಗಿದ್ದವರು ಯಾಕೆ ಬಂದರು, ಏನನ್ನು ಹೇಳದೆ ಉಳಿಸಿಕೊಂಡಿದ್ದಾರೆ, ವೈದ್ಯರು ಹೇಳಿದ್ದನ್ನು ಅವರು ನಿಜವಾಗಿ ಮಾಡಬಲ್ಲರೇ, ಇದಕ್ಕೆಲ್ಲ ಅಂಕವಿದೆ. ನಟರ ಕೈಯಲ್ಲಿರುವ ಚೀಟಿಯಲ್ಲಿ ಸಾಮಾನ್ಯವಾಗಿ ಒಂದು ಗುಟ್ಟು ಬರೆದಿರುತ್ತದೆ. ಸರಿಯಾಗಿ ಕೇಳಿದರೆ ಮಾತ್ರ ಅದನ್ನು ಬಿಟ್ಟುಕೊಡುತ್ತಾರೆ. ಊರಿನ ಹೊರರೋಗಿ ವಿಭಾಗದಲ್ಲಿ ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನದೊಳಗೆ ನೂರಕ್ಕೂ ಹೆಚ್ಚು ಜನರನ್ನು ನೋಡಿ ಪಳಗಿದವರು ನಾವು. ಅಲ್ಲಿ "ಎಷ್ಟು ದಿನದಿಂದ ಜ್ವರ?" ಎಂದು ಕೇಳುವಾಗಲೇ ಮುಂದಿನವರು ಬಾಗಿಲಲ್ಲಿ ನಿಂತಿರುತ್ತಾರೆ. ಈ ಪರೀಕ್ಷೆ ಬೇರೆಯದೇ ಒಂದು ಕಲೆ ಕೇಳುತ್ತಿತ್ತು. ಅದನ್ನು ಪುಸ್ತಕ ಹಿಡಿದುಕೊಂಡು ಕಲಿಯಲು ಬರುವುದಿಲ್ಲ. ಮಾತಾಡಲು ಮನುಷ್ಯರೇ ಬೇಕು.

ಹಾಗೆ ನಾವು ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಹಾಕಿದೆವು: "ಶುಕ್ರವಾರ ಮಧ್ಯಾಹ್ನ ಎರಡು ಗಂಟೆ ರೋಗಿಯಾಗಿ ನಟಿಸಲು ಜನ ಬೇಕಾಗಿದ್ದಾರೆ. ಊಟ ನಮ್ಮದು." ಮೊದಲ ವಾರ ನಾಲ್ಕು ಜನ ಬಂದರು, ಒಂದು ತಿಂಗಳಾಗುವಷ್ಟರಲ್ಲಿ ರುವಿಯ ನಮ್ಮ ಫ್ಲಾಟಿನ ಹಾಲ್‌ನಲ್ಲಿ ಕೂರಲು ಜಾಗ ಸಾಲದಾಯಿತು. ಹೋಟೆಲಿನ ಅಡುಗೆಯವರು, ಪಿಕಪ್ ಓಡಿಸುವವರು, ಎಸಿ ರಿಪೇರಿಯವರು, ಕ್ರೇನ್ ಆಪರೇಟರ್, ಮನೆಗೆಲಸಕ್ಕೆ ಬಂದ ಇಬ್ಬರು ಅಕ್ಕಂದಿರು, ಅಂಗಡಿಯ ಲೆಕ್ಕ ನೋಡುವವರು. ನಾವು ಚೀಟಿ ಬರೆದು ಕೊಡುತ್ತಿದ್ದೆವು. ಒಬ್ಬರು ವೈದ್ಯರಾಗಿ ಕೂತರೆ ಇನ್ನೊಬ್ಬರು ಪರೀಕ್ಷಕರು, ಮೂರನೆಯವರ ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚ್. ಬಯಲಾಟ, ಯಕ್ಷಗಾನ ನೋಡಿ ಬೆಳೆದ ಜನ ನಮ್ಮವರು. ಪಾತ್ರ ಕೊಟ್ಟರೆ ಬಿಡುತ್ತಾರೆಯೇ? ಹೊಟ್ಟೆ ನೋವಿನ ಪಾತ್ರ ಮಾಡಿದ ಅಡುಗೆಯವರೊಬ್ಬರ ಕೂಗಿಗೆ ಪಕ್ಕದ ಫ್ಲಾಟಿನ ಮಲಯಾಳಿ ಅಮ್ಮ ಬಂದು ಬಾಗಿಲು ತಟ್ಟಿದ್ದುಂಟು.

ಮೊದಲ ಪಾಠ ಸುಮ್ಮನಿರುವುದು. 1984ರಲ್ಲಿ ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬಿಬ್ಬರು 74 ಸಮಾಲೋಚನೆಗಳ ಧ್ವನಿಮುದ್ರಣ ಕೇಳಿ ಒಂದು ಲೆಕ್ಕ ಹಾಕಿದರು. ರೋಗಿ ತನ್ನ ಕಷ್ಟ ಹೇಳಲು ಶುರು ಮಾಡಿದರೆ ವೈದ್ಯರು ಸರಾಸರಿ 18 ಸೆಕೆಂಡಿಗೆ ಬಾಯಿ ಹಾಕುತ್ತಾರಂತೆ. ನಾವು ಒಂದು ನಿಯಮ ಮಾಡಿಕೊಂಡೆವು: ಮೊದಲ ಒಂದು ನಿಮಿಷ ರೋಗಿಯದು. ವೈದ್ಯರು "ಹೂಂ", "ಆಮೇಲೆ?" ಬಿಟ್ಟು ಬೇರೆ ಮಾತಾಡಿದರೆ ಸ್ಟಾಪ್‌ವಾಚ್ ಹಿಡಿದವರು ಚಮಚದಿಂದ ಸ್ಟೀಲ್ ಲೋಟ ಬಾರಿಸಬೇಕು. ಒಂದು ನಿಮಿಷ ಎಷ್ಟು ಉದ್ದ ಎಂಬುದು ಆಗ ತಿಳಿಯಿತು. ಒಂದು ನಿಮಿಷ ಬಿಟ್ಟುಕೊಟ್ಟರೆ ಎಷ್ಟು ವಿಷಯ ತಾನಾಗಿ ಹೊರಬರುತ್ತದೆ ಎಂಬುದೂ ತಿಳಿಯಿತು.

ಎರಡನೆಯ ಪಾಠ ಇನ್ನೂ ಕಷ್ಟದ್ದು. 1984ರಲ್ಲೇ ಇಂಗ್ಲೆಂಡಿನಲ್ಲಿ ಪೆಂಡಲ್‌ಟನ್ ಮತ್ತು ಜೊತೆಗಾರರ ಒಂದು ಪುಸ್ತಕ ಬಂತು. ಪ್ರತಿ ರೋಗಿಯಿಂದಲೂ ಮೂರು ಸಂಗತಿ ತಿಳಿಯಬೇಕು ಎಂದು ಅದು ಕಲಿಸುತ್ತದೆ. ತನಗೆ ಏನಾಗಿದೆ ಎಂದು ಅವರಿಗೆ ಅನಿಸುತ್ತಿದೆ, ಅವರ ಹೆದರಿಕೆ ಯಾವುದು, ವೈದ್ಯರಿಂದ ಏನನ್ನು ಬಯಸಿ ಬಂದಿದ್ದಾರೆ. ಪರೀಕ್ಷೆ ಕಟ್ಟುವ ಎಲ್ಲರೂ ಇದನ್ನು ಮಂತ್ರದಂತೆ ಬಾಯಿಪಾಠ ಮಾಡುತ್ತಾರೆ. ಇಂಗ್ಲಿಷಿನಲ್ಲಿ ಆ ಪ್ರಶ್ನೆಗಳು ಸಲೀಸಾಗಿ ಬರುತ್ತವೆ. ನಮ್ಮ ಹಾಲ್‌ನಲ್ಲಿ ಕನ್ನಡಕ್ಕೆ ಇಳಿಸಿ "ನಿಮಗೆ ಏನಾಗಿದೆ ಅಂತ ನಿಮಗೆ ಅನಿಸುತ್ತೆ?" ಎಂದು ಕೇಳಿದಾಗ ಕ್ರೇನ್ ಆಪರೇಟರ್ ಅಣ್ಣ ನಮ್ಮನ್ನು ದಿಟ್ಟಿಸಿ ನೋಡಿದರು. "ಅದು ಗೊತ್ತಿದ್ದಿದ್ರೆ ನಿಮ್ಮ ಹತ್ರ ಯಾಕ್ ಬರ್ತಿದ್ದೆ ಸಾರ್? ನೀವೇ ಅಲ್ವಾ ಡಾಕ್ಟ್ರು?"

ಹಾಲ್‌ಗೆ ಹಾಲೇ ನಕ್ಕಿತು. ಅವರ ಮಾತು ಮಾತ್ರ ನ್ಯಾಯವಾಗಿತ್ತು. ನಮ್ಮಲ್ಲಿ ವೈದ್ಯರು ರೋಗಿಯ ಅಭಿಪ್ರಾಯ ಕೇಳಿದರೆ ಈ ಡಾಕ್ಟರಿಗೆ ಏನೂ ಗೊತ್ತಿಲ್ಲ ಎನಿಸಿಬಿಡುತ್ತದೆ. "ನಿಮಗೆ ಏನು ಹೆದರಿಕೆ?" ಎಂದು ಒಬ್ಬ ಗಂಡಸನ್ನು ನೇರವಾಗಿ ಕೇಳಿದರೆ "ನಂಗೆಂತ ಹೆದರಿಕೆ ಮಾರಾಯ್ರೆ" ಎಂಬ ಉತ್ತರವೇ ಬರುತ್ತದೆ. ದಾರಿ ತೋರಿಸಿದವರು ಮನೆಗೆಲಸದ ಅಕ್ಕಂದಿರಲ್ಲಿ ಒಬ್ಬರು. "ನಮ್ಮನ್ನ ಕೇಳಿದ್ರೆ ಹೇಳಕ್ಕೆ ನಾಚಿಕೆ ಆಗುತ್ತೆ ಡಾಕ್ಟ್ರೇ. ಬೇರೆಯೋರು ಏನಂದ್ರು ಅಂತ ಕೇಳಿ, ಹೇಳ್ತೀವಿ."

ಅಂದಿನಿಂದ ನಮ್ಮ ಪ್ರಶ್ನೆ ಬದಲಾಯಿತು. "ರೂಮಿನವರು ಏನಂತಾರೆ ಇದಕ್ಕೆ?" "ಮನೆಗೆ ಫೋನ್ ಮಾಡಿದಾಗ ಹೇಳಿದ್ರಾ? ಅವರು ಏನಂದ್ರು?" "ಊರಲ್ಲಿ ಯಾರಿಗಾದ್ರೂ ಹೀಗೇ ಆಗಿತ್ತಾ?" ಈ ಮೂರು ಪ್ರಶ್ನೆಗೆ ಬಾಯಿ ಬಿಡದವರನ್ನು ನಾವು ಇನ್ನೂ ಕಂಡಿಲ್ಲ. ರೂಮಿನವರು ಹೇಳಿದರು ಎಂಬ ನೆಪದಲ್ಲಿ ತಮ್ಮ ಅನಿಸಿಕೆ ಹೇಳುತ್ತಾರೆ. ಊರಲ್ಲಿ ಚಿಕ್ಕಪ್ಪನಿಗೆ ಹೀಗೇ ಶುರುವಾಗಿ ಕಿಡ್ನಿ ಹೋಯಿತು ಎನ್ನುತ್ತಾ ತಮ್ಮ ಹೆದರಿಕೆ ಹೇಳುತ್ತಾರೆ. ಮನೆಯಾಕೆ "ಸ್ಕ್ಯಾನಿಂಗ್ ಮಾಡಿಸಿಕೊಂಡೇ ಬನ್ನಿ" ಎಂದಿದ್ದಾಳೆ ಎನ್ನುತ್ತಾ ಯಾತಕ್ಕೆ ಬಂದರೆಂದು ತಿಳಿಸುತ್ತಾರೆ. ಪೆಂಡಲ್‌ಟನ್ನರ ಮೂರೂ ಸಂಗತಿ ಬಂದವು, ನಮ್ಮ ದಾರಿಯಲ್ಲಿ ಬಂದವು.

ಚೀಟಿಯಲ್ಲಿನ ಗುಟ್ಟುಗಳನ್ನು ಆಮೇಲೆ ನಿಮ್ಮವರೇ ನಮಗೆ ಹೇಳಿಕೊಟ್ಟರು. ಇಂಗ್ಲೆಂಡಿನ ಪುಸ್ತಕಗಳಲ್ಲಿ ಗುಟ್ಟು ಎಂದರೆ ಕುಡಿತ, ಸಂಸಾರದ ಜಗಳ, ಕ್ಯಾನ್ಸರ್ ಭಯ. ರುವಿಯ ಹಾಲ್‌ನಲ್ಲಿ ಬಂದವು ಬೇರೆ ಥರದವು. ಬೆನ್ನು ನೋವಿಗೆ ಬಂದವನಿಗೆ ಬೇಕಾದದ್ದು ಇಂಜೆಕ್ಷನ್, ಏಕೆಂದರೆ ನಾಳೆ ಕೆಲಸಕ್ಕೆ ಹೋಗದಿದ್ದರೆ ಸಂಬಳ ಕಡಿತ. ರಜಾ ಚೀಟಿ ಕೊಡುತ್ತೇನೆಂದರೆ ಅವನು ಬೇಡವೆನ್ನುತ್ತಾನೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12:30ರಿಂದ 3:30ರ ತನಕ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂದು ಒಮಾನ್‌ನಲ್ಲಿ ನಿಯಮವಿದೆ. ಉಳಿದ ಹೊತ್ತಿನ ಬಿಸಿಲಿಗೆ ಹೆದರಿ ನೀರು ಕುಡಿಯಬೇಕು, ಶೌಚಾಲಯ ದೂರವಿದೆ ಎಂದು ಕುಡಿಯುವುದಿಲ್ಲ, ಹಾಗಾಗಿ ಮೂತ್ರದಲ್ಲಿ ಕಲ್ಲು. ಊರಿನಿಂದ ತಂದ ಸಕ್ಕರೆ ಕಾಯಿಲೆಯ ಮಾತ್ರೆ ಮುಗಿಯುತ್ತಾ ಬಂತೆಂದು ದಿನ ಬಿಟ್ಟು ದಿನ ನುಂಗುವವರು. ರೂಮ್‌ಮೇಟ್ ಕೊಟ್ಟ ನೋವಿನ ಮಾತ್ರೆ, ಹೆಸರು ಗೊತ್ತಿಲ್ಲ. ಟ್ರಾಮಡಾಲ್‌ನಂಥ ಮಾತ್ರೆ ಗಲ್ಫ್‌ನಲ್ಲಿ ಕಟ್ಟುನಿಟ್ಟಿನ ನಿಯಂತ್ರಣದಲ್ಲಿದೆ ಎಂಬುದೂ ಗೊತ್ತಿಲ್ಲ. ಎಲ್ಲದರ ತಳದಲ್ಲಿ ಒಂದೇ ಮಾತು: ಕೆಲಸ ಹೋದರೆ?

ಈಗ ಹೇಳುವ ಸಂಗತಿಯನ್ನು ಆ ಅಣ್ಣನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. ಗುರುತು ಸಿಗದ ಹಾಗೆ ಕೆಲಸ ಬದಲಿಸಿದ್ದೇವೆ. ಟೈಲ್ಸ್ ಕೆಲಸದ ಮೇಸ್ತ್ರಿ, ಉತ್ತರ ಕರ್ನಾಟಕದವರು, ಐವತ್ತರ ಒಳಗಿನ ವಯಸ್ಸು. ಆ ಶುಕ್ರವಾರ ಅವರಿಗೆ ಕೊಟ್ಟ ಚೀಟಿಯಲ್ಲಿ ಹೀಗಿತ್ತು: ಗ್ಯಾಸ್ ತೊಂದರೆ, ಹೊಟ್ಟೆ ಉಬ್ಬರ, ಖಾರದ ಊಟ, ಮಾತ್ರೆ ಬೇಕು. ಸುಲಭದ ಪಾತ್ರ. ವೈದ್ಯರ ಕುರ್ಚಿಯಲ್ಲಿದ್ದವರು ಮೊದಲ ನಿಮಿಷ ಸುಮ್ಮನೆ ಕೇಳಿದರು.

"ಗ್ಯಾಸ್ ಆಗೈತ್ರಿ ಡಾಕ್ಟರ್ರ. ಹೊಟ್ಟಿ ಉಬ್ಬರಸ್ತೈತಿ." ಸ್ವಲ್ಪ ನಿಂತರು. ಆಮೇಲೆ ಎದೆಯ ನಡುವೆ ಮುಷ್ಟಿ ಇಟ್ಟುಕೊಂಡರು. "ಮೆಟ್ಲ ಹತ್ತುಮುಂದ ಇಲ್ಲಿ ಹಿಡದಂಗ ಆಕ್ಕೈತ್ರಿ. ನಿಂತ್ರ ಹೊಕ್ಕೈತಿ."

"ರೂಮಿನವರು ಏನಂತಾರೆ ಅಣ್ಣ?"

"ರೂಮ್‌ನ್ಯಾಗ ಯಾರಿಗೂ ಹೇಳಿಲ್ರಿ."

ಚೀಟಿಯಲ್ಲಿ ಮೆಟ್ಟಿಲು ಇರಲಿಲ್ಲ, ಎದೆಯೂ ಇರಲಿಲ್ಲ. ಪರೀಕ್ಷಕರಾಗಿ ಕೂತಿದ್ದವರು ಪೆನ್ನು ಕೆಳಗಿಟ್ಟು ಕೇಳಿದರು, "ಅಣ್ಣ, ಇದು ಚೀಟಿಯಲ್ಲಿದೆಯಾ?" ಅವರು ತಲೆ ತಗ್ಗಿಸಿ ಹೇಳಿದರು, "ಇದು ಚೀಟ್ಯಾಗಿಂದಲ್ರಿ. ಇದು ನಂದ."

ಸ್ಟಾಪ್‌ವಾಚ್ ನಿಲ್ಲಿಸಿದೆವು. ಎರಡು ತಿಂಗಳಿನಿಂದ ಹಾಗಾಗುತ್ತಿತ್ತು. ಆ ವಾರ ಸುಮ್ಮನೆ ಕೂತಾಗಲೂ ಒಮ್ಮೆ ಬಂದಿತ್ತು, ಬೆವರಿತ್ತು. ಯಾಕೆ ತೋರಿಸಲಿಲ್ಲ ಎಂದು ಕೇಳಿದಾಗ ಒಂದೊಂದಾಗಿ ಬಂತು. ಇಸಿಜಿ ತೆಗೆದರೆ ಕಂಪನಿಗೆ ಗೊತ್ತಾಗುತ್ತದೆ, ಅನ್‌ಫಿಟ್ ಎಂದು ಬರೆದರೆ ಊರಿಗೆ ಕಳಿಸುತ್ತಾರೆ. ಮಗಳ ನರ್ಸಿಂಗ್ ಕೋರ್ಸಿಗೆ ಇನ್ನೂ ಎರಡು ವರ್ಷದ ಫೀಸು ಬಾಕಿ. ಮನೆ ಕಟ್ಟಿದ ಸಾಲ ಬೇರೆ. ರಾತ್ರಿ ಎದೆ ಹಿಡಿದಾಗ ಸೋಡಾ ಕುಡಿದು, ಗ್ಯಾಸ್ ಎಂದು ತನಗೆ ತಾನೇ ಹೇಳಿಕೊಂಡು ಮಲಗುತ್ತಿದ್ದರು. ಆ ಪಾತ್ರವನ್ನು ತಾವೇ ಕೇಳಿ ತೆಗೆದುಕೊಂಡಿದ್ದರು ಎಂಬುದು ಆಮೇಲೆ ನಮ್ಮ ಗಮನಕ್ಕೆ ಬಂತು. ಬೇರೆಯವರ ಹೆಸರಿನಲ್ಲಿಯಾದರೂ ಒಮ್ಮೆ ಹೇಳಿಬಿಡಬೇಕಿತ್ತು ಅವರಿಗೆ.

ಅನ್ನ ಬಡಿಸಿಟ್ಟಿದ್ದು ಹಾಗೇ ಉಳಿಯಿತು. ಆಗಲೇ ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊರಟೆವು. ದಾರಿಯಲ್ಲಿ ಅವರಿಗೆ ಒಂದೇ ಪ್ರಶ್ನೆ, "ಕೆಲಸ ಹೊಕ್ಕೈತೇನ್ರಿ?" ಇಲ್ಲವೆಂದು ಮಾತು ಕೊಡುವ ಅಧಿಕಾರ ನಮಗಿರಲಿಲ್ಲ, ಕೊಡಲೂ ಇಲ್ಲ. ಜೀವ ಇದ್ದರೆ ಕೆಲಸದ ವಿಷಯ ಮಾತಾಡಬಹುದು, ಮಾತಾಡುವಾಗ ನಾವು ಜೊತೆಗಿರುತ್ತೇವೆ ಎಂದಷ್ಟೇ ಹೇಳಿದೆವು. ಆಂಜಿಯೋಗ್ರಾಮ್ ಮಾಡಿದರು. ಒಂದು ರಕ್ತನಾಳ ಬಹುಮಟ್ಟಿಗೆ ಮುಚ್ಚಿತ್ತು, ಸ್ಟೆಂಟ್ ಹಾಕಿದರು. ಆಮೇಲೆ ಹಗುರ ಕೆಲಸ ಕೊಡಬೇಕೆಂದು ಹೃದ್ರೋಗ ವೈದ್ಯರು ಪತ್ರ ಬರೆದರು. ಕಂಪನಿಯವರು ಅವರನ್ನು ಸ್ಟೋರ್ ನೋಡಿಕೊಳ್ಳಲು ಹಾಕಿದರು. ಓವರ್‌ಟೈಮ್ ಹೋಯಿತು, ಸಂಬಳ ಉಳಿಯಿತು. ಎಲ್ಲರ ಕಥೆಯೂ ಹೀಗೇ ಮುಗಿಯುತ್ತದೆ ಎಂದು ನಾವು ಹೇಳಲಾರೆವು. ಹೇಳದೆ ಉಳಿದವರ ಕಥೆ ಹೇಗೆ ಮುಗಿಯುತ್ತದೆ ಎಂಬುದನ್ನು ನಾವೂ ನೀವೂ ನೋಡಿದ್ದೇವೆ. ಸಂಘದವರು ಚಂದಾ ಎತ್ತಿ ಪೆಟ್ಟಿಗೆ ಊರಿಗೆ ಕಳಿಸಿದ ದಿನಗಳು ಯಾರಿಗೂ ಮರೆತಿಲ್ಲ. ನಮ್ಮ ಭಾರತ ಉಪಖಂಡದವರಿಗೆ ಹೃದಯಾಘಾತ ಬೇರೆಯವರಿಗಿಂತ ಕೆಲವು ವರ್ಷ ಮೊದಲೇ ಬರುತ್ತದೆ. ನಲವತ್ತರ ಗ್ಯಾಸ್ ಎಲ್ಲವೂ ಗ್ಯಾಸ್ ಆಗಿರುವುದಿಲ್ಲ.

ಆ ದಿನದ ನಂತರ ಅಭ್ಯಾಸದ ಹದವೇ ಬೇರೆಯಾಯಿತು. ಅಂಕಕ್ಕಾಗಿ ಕೇಳುತ್ತಿದ್ದ ಪ್ರಶ್ನೆಗಳನ್ನು ಉತ್ತರಕ್ಕಾಗಿ ಕೇಳತೊಡಗಿದೆವು.

ಉಳಿದ ಪಾಠಗಳನ್ನೂ ಚಿಕ್ಕದಾಗಿ ಹೇಳಿಬಿಡುತ್ತೇವೆ. ರೋಜರ್ ನೇಬರ್ ಎಂಬ ಇಂಗ್ಲಿಷ್ ಕುಟುಂಬ ವೈದ್ಯರು 1987ರ ತಮ್ಮ ಪುಸ್ತಕದಲ್ಲಿ ಸಮಾಲೋಚನೆಗೆ ಐದು ನಿಲ್ದಾಣ ಹೇಳುತ್ತಾರೆ, ಕೈಯ ಐದು ಬೆರಳಿನಂತೆ. ರೋಗಿಯ ಜೊತೆ ಬೆಸೆದುಕೊಳ್ಳುವುದು. ಕೇಳಿದ್ದನ್ನು ಅವರಿಗೇ ತಿರುಗಿ ಹೇಳಿ ಸರಿಯೇ ಎಂದು ನೋಡುವುದು. ಮುಂದೇನೆಂದು ಅವರ ಕೈಗೆ ಒಪ್ಪಿಸುವುದು. ಅಂದುಕೊಂಡಂತೆ ಆಗದಿದ್ದರೆ ಏನು ಮಾಡಬೇಕೆಂದು ಮೊದಲೇ ಹೇಳಿಡುವುದು. ಕೊನೆಯದು, ಮುಂದಿನವರನ್ನು ಕರೆಯುವ ಮೊದಲು ವೈದ್ಯರು ತಮ್ಮ ಮನಸ್ಸನ್ನು ಒಮ್ಮೆ ಗುಡಿಸಿಕೊಳ್ಳುವುದು.

ಒಪ್ಪಿಸುವ ಪಾಠದಲ್ಲಿ ನಮ್ಮ ಗುರು ಎಸಿ ರಿಪೇರಿಯ ತಮ್ಮ. ಸಕ್ಕರೆ ಕಾಯಿಲೆ ಕಿಡ್ನಿಯನ್ನು ಹೇಗೆ ಕೆಡಿಸುತ್ತದೆ ಎಂದು ನಾವು ಐದು ನಿಮಿಷ ವಿವರಿಸಿ, "ನಾನು ಹೇಳಿದ್ದು ಮನೆಯಾಕೆಗೆ ಹೇಗೆ ಹೇಳ್ತೀರಿ?" ಎಂದು ಕೇಳಿದೆವು. ಅವನೆಂದ, "ಫಿಲ್ಟರ್ ಕೆಟ್ಟೋಗ್ತಾ ಇರುತ್ತೆ ಸಾರ್. ಎಸಿ ತಣ್ಣಗೆ ಗಾಳಿ ಕೊಡ್ತಾನೇ ಇರುತ್ತೆ, ಅದಕ್ಕೆ ಯಾರಿಗೂ ಗೊತ್ತಾಗಲ್ಲ. ಗೊತ್ತಾಗೋ ಹೊತ್ತಿಗೆ ಕಂಪ್ರೆಸರ್ ಹೋಗಿರುತ್ತೆ." ಇದಕ್ಕಿಂತ ಚೆನ್ನಾಗಿ ಹೇಳಲು ನಮಗೆ ಬಂದಿಲ್ಲ. ಇಂದಿಗೂ ಕ್ಲಿನಿಕ್‌ನಲ್ಲಿ ಅದನ್ನೇ ಹೇಳುತ್ತೇವೆ, ಹಿಂದಿಯಲ್ಲೂ ಹೇಳುತ್ತೇವೆ.

ಪರೀಕ್ಷೆಯ ಕೋಣೆಗಳಲ್ಲಿ ಏನಿತ್ತು ಎಂದು ಹೊರಗೆ ಹೇಳುವಂತಿಲ್ಲ. ಒಂದು ಮಾತು ಹೇಳಬಹುದು. ಇಂಗ್ಲಿಷಿನಲ್ಲಿ ಮಾತಾಡಬೇಕಾದ ಆ ಕೋಣೆಗಳಲ್ಲೂ ನಮ್ಮ ನಾಲಿಗೆಗೆ ಮೊದಲು ಬಂದದ್ದು ಮನೆಯವರ, ರೂಮಿನವರ ಪ್ರಶ್ನೆಯೇ. ನಟರ ಮುಖ ಸಡಿಲವಾಗುವುದು ಕಣ್ಣಿಗೆ ಕಾಣುತ್ತಿತ್ತು. ಮೂವರಲ್ಲಿ ಇಬ್ಬರು ಮೊದಲ ಸಲಕ್ಕೇ ತೇರ್ಗಡೆಯಾದೆವು, ಮೂರನೆಯವರದು ಮುಂದಿನ ಸರದಿಯಲ್ಲಿ ಆಯಿತು. ಸ್ಟೋರ್ ನೋಡಿಕೊಳ್ಳುವ ಅಣ್ಣ ಫಲಿತಾಂಶದ ದಿನ ಧಾರವಾಡ ಪೇಡೆ ತಂದಿದ್ದರು. ತಾವು ಒಂದನ್ನೂ ತಿನ್ನಲಿಲ್ಲ.

ಈಗ ನಿಮಗೆ ನಾಲ್ಕು ಮಾತು. ಡಾಕ್ಟರ ಎದುರಿನ ಆ ಹತ್ತು ನಿಮಿಷ ನಿಮ್ಮದು. ಎಲ್ಲ ವೈದ್ಯರಿಗೂ ಕೇಳುವ ವ್ಯವಧಾನ ಇರುವುದಿಲ್ಲ, ಹಾಗಾಗಿ ನೀವೇ ಮೊದಲು ಹೇಳಿಬಿಡಿ. ಕೂತ ಕೂಡಲೇ ನಿಮ್ಮನ್ನು ಅತಿ ಹೆಚ್ಚು ಕಾಡುವ ಒಂದು ಸಂಗತಿ ಹೇಳಿ, "ಹೋಗ್ತಾ ಇನ್ನೊಂದ್ ವಿಷ್ಯ" ಎಂದು ಬಾಗಿಲಲ್ಲಿ ನಿಂತು ಹೇಳಬೇಡಿ. ಗ್ಯಾಸ್, ಉಷ್ಣ, ಸುಸ್ತು ಎಂದು ಹೆಸರಿಡುವ ಬದಲು ಎಲ್ಲಿ, ಯಾವಾಗ, ಏನು ಮಾಡಿದಾಗ ಬರುತ್ತದೆ, ಹೇಗೆ ಹೋಗುತ್ತದೆ ಎಂದು ಹೇಳಿ. ನುಂಗುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಊರಿನ ಕಷಾಯ, ಲೇಹ್ಯವೂ ಸೇರಿ. ಹಿಂದಿ ಸರಿಯಾಗಿ ಬರದಿದ್ದರೆ ಬರುವ ಗೆಳೆಯರನ್ನು ಕರೆದುಕೊಂಡು ಹೋಗಿ, ಇಲ್ಲವೇ ಫೋನಿನಲ್ಲಿ ಹಿಡಿದುಕೊಳ್ಳಿ.

ಕೆಲಸದ ಭಯವಿದ್ದರೆ ಅದನ್ನೂ ಹೇಳಿ. ರೋಗಿಯ ಮಾತನ್ನು ಗುಟ್ಟಾಗಿಡುವುದು ವೈದ್ಯರ ಧರ್ಮ. ಕಾನೂನಿನ ಪ್ರಕಾರ ತಿಳಿಸಲೇಬೇಕಾದ ಕೆಲವು ಅಂಟು ರೋಗಗಳಂಥ ಸಂದರ್ಭ ಬೇರೆ. "ಇದು ಕಂಪನಿಗೆ ಹೋಗುತ್ತದೆಯೇ?" ಎಂದು ನೇರವಾಗಿ ಕೇಳುವ ಹಕ್ಕು ನಿಮಗಿದೆ. ಎದ್ದು ಬರುವ ಮೊದಲು ಇನ್ನೆರಡು ಪ್ರಶ್ನೆ: ಏನಾದರೆ ಹೆದರಬೇಕು? ಆಗ ಎಲ್ಲಿಗೆ ಹೋಗಬೇಕು? ಎದೆ ಬಿಗಿತ, ತಣ್ಣನೆ ಬೆವರು, ಮುಖ ವಾರೆಯಾಗುವುದು, ಕೈಕಾಲು ಒಂದೇ ಕಡೆ ಸೋಲುವುದು, ಬಿಸಿಲಲ್ಲಿ ತಡವರಿಸಿ ಮಾತಾಡುವುದು, ಇವಕ್ಕೆ ಮೇಸ್ತ್ರಿಯ ಅನುಮತಿ ಕಾಯಬೇಡಿ. ತುರ್ತು ಸಂಖ್ಯೆ ಒಮಾನ್‌ನಲ್ಲಿ 9999, ಯುಎಇಯಲ್ಲಿ ಆಂಬುಲೆನ್ಸ್‌ಗೆ 998, ಸೌದಿಯಲ್ಲಿ 997, ಕುವೈತ್‌ನಲ್ಲಿ 112, ಕತಾರ್ ಮತ್ತು ಬಹ್ರೇನ್‌ನಲ್ಲಿ 999. ನಿಮ್ಮ ದೇಶದ್ದನ್ನು ಈಗಲೇ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ರೂಮಿನವರಿಗೂ ಹೇಳಿಡಿ. ಅಂಥ ಹೊತ್ತಿನಲ್ಲಿ ಫೋನ್ ಮಾಡಬೇಕಾದವರು ಅವರೇ.

ಈ ವರ್ಷ ಇನ್ನಿಬ್ಬರು ಕನ್ನಡದ ವೈದ್ಯರು ಪರೀಕ್ಷೆಗೆ ಹೆಸರು ನೋಂದಾಯಿಸಿದ್ದಾರೆ. ದಸರೆ ಮುಗಿದ ಮೇಲೆ ಶುಕ್ರವಾರದ ಅಭ್ಯಾಸ ಮತ್ತೆ ಶುರುವಾಗುತ್ತದೆ. ಜಾಗ ಅದೇ, ಊಟ ನಮ್ಮದೇ, ಈ ಸಲ ಬಿಸಿಬೇಳೆಬಾತ್. ರೋಗಿಗಳು ಬೇಕಾಗಿದ್ದಾರೆ. ಚೀಟಿಯಲ್ಲಿ ಇರುವುದನ್ನು ಹೇಳಿದರೆ ಸಾಕು, ಇಲ್ಲದ್ದನ್ನು ಹೇಳಿದರೂ ಕೇಳುತ್ತೇವೆ.